ಹಿಂಜರಿತ ಬಂದರೆ ಮಕ್ಕಳು ಹೆಚ್ಚು ಹುಟ್ಟುತ್ತಾರೆಯೇ?

ಪ್ರಶ್ನೆ: ಆರ್ಥಿಕ ಹಿಂಜರಿತದಲ್ಲಿ ಜನ ಕೆಲಸ ಕಳೆದುಕೊಂಡು ಮನೆಯಲ್ಲೇ ಕೂರುತ್ತಾರೆ. ಹಾಗಿದ್ದ ಮೇಲೆ ಮಕ್ಕಳು ಹೆಚ್ಚು ಹುಟ್ಟಿ ಜನಸಂಖ್ಯೆ ಏರಬೇಕಲ್ಲವೇ?

ಏರುವುದಿಲ್ಲ. ಹುಟ್ಟುವ ಮಕ್ಕಳು ಕಡಿಮೆಯಾಗುತ್ತಾರೆ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಪ್ರತಿ ಸಲ ಎರಡು ಸಾಲಿನಲ್ಲಿ ಮುಗಿಸಿದೆ, ಪ್ರತಿ ಸಲ ಅದೇ ಪ್ರಶ್ನೆ ತಿರುಗಿ ಬಂತು. ಈ ಸಲ ಬುಡದಿಂದ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಇಪ್ಪತ್ತಾರು ವರ್ಷದ ಒಬ್ಬ ಹೆಣ್ಣುಮಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಗುತ್ತಿಗೆ ಕೆಲಸ, ಮೂರು ತಿಂಗಳಿಗೊಮ್ಮೆ ನವೀಕರಣ. ಗಂಡನ ಕಚೇರಿಯಲ್ಲಿ ಹೋದ ವಾರ ನಾಲ್ವರನ್ನು ಮನೆಗೆ ಕಳಿಸಿದ್ದಾರೆ. ಅವನ ಕೆಲಸ ಇನ್ನೂ ಇದೆ. ರಾತ್ರಿ ಇಬ್ಬರೂ ಕೂತು ಸಾಲದ ಕಂತು, ಬಾಡಿಗೆ ಎಲ್ಲ ಕೂಡಿಸುತ್ತಾರೆ. 'ಮಕ್ಕಳೇ ಬೇಡ' ಅಂತ ಅವರು ತೀರ್ಮಾನಿಸುವುದಿಲ್ಲ. 'ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ' ಅನ್ನುತ್ತಾರೆ, ಅಷ್ಟೇ. ಬಾಡಿಗೆಯನ್ನು ಮುಂದೂಡಲು ಆಗುವುದಿಲ್ಲ, ಸಾಲದ ಕಂತನ್ನು ಮುಂದೂಡಲು ಆಗುವುದಿಲ್ಲ, ಮಗುವನ್ನು ಮುಂದೂಡಬಹುದು. ಗಮನಿಸಿ, ಇವರಲ್ಲಿ ಯಾರೂ ಕೆಲಸ ಕಳೆದುಕೊಂಡಿಲ್ಲ. ಕಳೆದುಕೊಂಡೇವು ಎಂಬ ಭಯವೇ ಸಾಕು. ಅಮೆರಿಕದ ಅಂಕಿಅಂಶ ನೋಡಿದ ಅರ್ಥಶಾಸ್ತ್ರಜ್ಞರಿಗೆ, ಹಿಂಜರಿತ ಶುರುವಾಗುವುದಕ್ಕೆ ಕೆಲವು ತಿಂಗಳು ಮೊದಲೇ ಬಸಿರಾಗುವವರ ಸಂಖ್ಯೆ ಇಳಿಯತೊಡಗುವುದು ಕಂಡಿದ್ದು ಇದೇ ಕಾರಣಕ್ಕೆ ಇರಬೇಕು.

ಈಗ ಆ ಹಟಮಾರಿ ನಂಬಿಕೆಯ ವಿಷಯ. 'ಮಾಡಲು ಬೇರೆ ಕೆಲಸವಿಲ್ಲ, ಹಾಗಾಗಿ ಮಕ್ಕಳು' ಎಂಬ ಈ ಮಾತಿಗೆ ಪ್ರಸಿದ್ಧವಾದ ಒಂದು ಹುಟ್ಟುಕಥೆಯಿದೆ. 1965ರ ನವೆಂಬರ್ 9ರ ಸಂಜೆ ನ್ಯೂಯಾರ್ಕ್ ಸೇರಿದಂತೆ ಅಮೆರಿಕದ ಈಶಾನ್ಯ ಭಾಗದಲ್ಲಿ ಕರೆಂಟು ಹೋಯಿತು. ಒಂಬತ್ತು ತಿಂಗಳಾದ ಮೇಲೆ, 1966ರ ಆಗಸ್ಟ್‌ನಲ್ಲಿ, ನಗರದ ಆಸ್ಪತ್ರೆಗಳಲ್ಲಿ ಹೆರಿಗೆ ಹೆಚ್ಚಿದೆ ಎಂದು ಪತ್ರಿಕೆಯಲ್ಲಿ ಸುದ್ದಿ ಬಂತು. ದಿನಕ್ಕೆ ಸರಾಸರಿ 11 ಹೆರಿಗೆ ಆಗುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಸೋಮವಾರ 28 ಆಗಿತ್ತು. ಜಗತ್ತೆಲ್ಲ ಈ ಕಥೆಯನ್ನು ನಂಬಿತು, ಇವತ್ತಿಗೂ ನಂಬುತ್ತಿದೆ.

ಸ್ವಲ್ಪ ಲೆಕ್ಕ ಹಾಕೋಣ. ಗರ್ಭ ನಿಂತ ದಿನದಿಂದ ಹೆರಿಗೆಗೆ ಸರಾಸರಿ 266 ದಿನ. ನವೆಂಬರ್ 9ಕ್ಕೆ 266 ದಿನ ಕೂಡಿಸಿದರೆ ಆಗಸ್ಟ್ 2 ಬರುತ್ತದೆ. ಆ ಸೋಮವಾರ ಆಗಸ್ಟ್ 8. ಹೋಗಲಿ, ಆರು ದಿನದ ವ್ಯತ್ಯಾಸ ಬಿಡಿ. ಒಂದೇ ರಾತ್ರಿ ನಿಂತ ಗರ್ಭಗಳೆಲ್ಲ ಒಂದೇ ದಿನ ಹೆರಿಗೆಗೆ ಬರುವುದಿಲ್ಲ. ಕೆಲವು ಎರಡು ವಾರ ಮುಂಚೆ, ಕೆಲವು ಎರಡು ವಾರ ತಡವಾಗಿ, ಹೀಗೆ ಇಡೀ ತಿಂಗಳಿಗೆ ಹರಡಿಕೊಳ್ಳುತ್ತವೆ. ಒಂದು ಸೋಮವಾರದ ಎಣಿಕೆ ಹಿಡಿದುಕೊಂಡು ಏನನ್ನೂ ಸಾಧಿಸಲಾಗದು. ಜೆ. ರಿಚರ್ಡ್ ಉಡ್ರಿ ಎಂಬ ಜನಸಂಖ್ಯಾತಜ್ಞರು ಮಾಡಬೇಕಾದ ಕೆಲಸ ಮಾಡಿದರು: ಕತ್ತಲೆಯ ರಾತ್ರಿಯ ಗರ್ಭಗಳು ಹೆರಿಗೆಗೆ ಬರಬೇಕಾದ ಅಷ್ಟೂ ವಾರಗಳನ್ನು ತೆಗೆದುಕೊಂಡು, ಹಿಂದಿನ ಐದು ವರ್ಷಗಳ ಅದೇ ವಾರಗಳ ಜೊತೆ ಹೋಲಿಸಿದರು. 1970ರಲ್ಲಿ ಪ್ರಕಟವಾದ ಅವರ ಫಲಿತಾಂಶ ಒಂದೇ ಮಾತಿನದು: ವ್ಯತ್ಯಾಸವಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು.

2020ರಲ್ಲಿ ಇದೇ ಪರೀಕ್ಷೆ ಇಡೀ ಜಗತ್ತಿನ ಮೇಲೆ ನಡೆಯಿತು. ಲಾಕ್‌ಡೌನ್! ಕೋಟ್ಯಂತರ ದಂಪತಿಗಳು ತಿಂಗಳುಗಟ್ಟಲೆ ಮನೆಯೊಳಗೆ. ಡಿಸೆಂಬರ್‌ನಲ್ಲಿ ಹೆರಿಗೆ ಆಸ್ಪತ್ರೆಗಳು ತುಂಬಿ ತುಳುಕುತ್ತವೆ ಎಂದು ಎಷ್ಟೋ ಜನ ಭವಿಷ್ಯ ನುಡಿದರು. ಸ್ಪೇನ್‌ನಲ್ಲಿ ಲಾಕ್‌ಡೌನ್ ಬಿದ್ದದ್ದು ಮಾರ್ಚ್ ಮಧ್ಯದಲ್ಲಿ. ಒಂಬತ್ತು ತಿಂಗಳ ನಂತರ, ಡಿಸೆಂಬರ್‌ನಲ್ಲಿ, ಅಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ ಮಕ್ಕಳು ಹುಟ್ಟಿದರು. ಅಮೆರಿಕದಲ್ಲೂ ಆ ತಿಂಗಳು ಸುಮಾರು ಶೇ 8ರಷ್ಟು ಕುಸಿತ. ಒಟ್ಟಿಗೆ ಇರಲು ಸಮಯ ಸಿಕ್ಕಿತ್ತು, ಧೈರ್ಯ ಸಿಕ್ಕಿರಲಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಪಟ್ಟು ಉಳಿಯುತ್ತದೆ: 'ಹಾಗಾದರೆ ಬಡವರಿಗೇಕೆ ಮಕ್ಕಳು ಹೆಚ್ಚು?' ಎಡವುವುದೇ ಇಲ್ಲಿ. ಬಡ ದೇಶಗಳಲ್ಲಿ ಹೆಚ್ಚು ಮಕ್ಕಳು ಹುಟ್ಟುವುದು ನಿಜ. ಕೂಸುಗಳು ಉಳಿಯುವ ಭರವಸೆ ಕಡಿಮೆ, ಹೆಣ್ಣುಮಕ್ಕಳ ಓದು ಬೇಗ ನಿಲ್ಲುತ್ತದೆ, ಗರ್ಭನಿರೋಧಕ ಕೈಗೆ ಸಿಗುವುದಿಲ್ಲ, ಮುಪ್ಪಿಗೆ ಪಿಂಚಣಿಯಿಲ್ಲ, ಮಕ್ಕಳೇ ಆಸರೆ. ಇವೆಲ್ಲ ತಲೆಮಾರುಗಳ ಲೆಕ್ಕದಲ್ಲಿ ಬದಲಾಗುವಂಥವು. ಒಂದು ವರ್ಷ ವರಮಾನ ಬಿದ್ದರೆ ಇವು ಯಾವುವೂ ಹಿಂದಕ್ಕೆ ಓಡುವುದಿಲ್ಲ. ಕೆಲಸ ಹೋದ ಮಾತ್ರಕ್ಕೆ ಒಬ್ಬಳ ಹದಿನಾರು ವರ್ಷದ ಓದು ಅಳಿಸಿಹೋಗುತ್ತದೆಯೇ? ಬಡತನದಲ್ಲಿ ಇರುವುದು ಬೇರೆ, ಇದ್ದದ್ದು ಕೈತಪ್ಪುವುದು ಬೇರೆ. ಬಡ ಕೃಷಿ ಸಮಾಜಗಳಲ್ಲೂ ಕೆಟ್ಟ ವರ್ಷ ಎಂದರೆ ಕಡಿಮೆ ಮಕ್ಕಳೇ. ಸ್ವೀಡನ್‌ನಲ್ಲಿ 1749ರಿಂದ ಜನನ ಮರಣಗಳ ರಾಷ್ಟ್ರೀಯ ಲೆಕ್ಕವಿದೆ. ಇಂದಿನ ಗರ್ಭನಿರೋಧಕಗಳೇ ಇಲ್ಲದ ಆ ಕಾಲದಲ್ಲೂ ಬೆಳೆ ಕೈಕೊಟ್ಟಾಗ ಮೊದಲು ಮದುವೆಗಳು ಇಳಿಯುತ್ತಿದ್ದವು, ಹಿಂದೆಯೇ ಹೆರಿಗೆಗಳು.

ವಿದ್ವಾಂಸರೂ ಒಮ್ಮೆ ನಿಮ್ಮ ಹಾಗೆಯೇ ಯೋಚಿಸಿದ್ದರು ಎಂಬುದನ್ನು ಹೇಳಲೇಬೇಕು. ಹೆಂಗಸರು ಸಂಬಳಕ್ಕೆ ದುಡಿಯುವ ಕಾಲದಲ್ಲಿ ಹಿಂಜರಿತ ಬಂದರೆ, ಮಗುವಿಗಾಗಿ ಕೆಲಸ ಬಿಟ್ಟು ಅವರು ಕಳೆದುಕೊಳ್ಳುವ ಸಂಬಳ ಕಡಿಮೆ, ಹಾಗಾಗಿ ಮಗು ಹೆರಲು ಅದೇ ಒಳ್ಳೆಯ ಸಮಯ ಎಂದು 1979ರಲ್ಲಿ ಬಟ್ಜ್ ಮತ್ತು ವಾರ್ಡ್ ಎಂಬ ಅರ್ಥಶಾಸ್ತ್ರಜ್ಞರು ವಾದಿಸಿದರು. ತರ್ಕದಲ್ಲಿ ತಪ್ಪಿಲ್ಲ. ಆದರೆ ಮುಂದೆ ಬಂದ ಹಿಂಜರಿತಗಳಲ್ಲಿ ಜನ ಬಹುಮಟ್ಟಿಗೆ ಹಾಗೆ ನಡೆದುಕೊಳ್ಳಲಿಲ್ಲ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಮುಂದೂಡಿದ ಮಗು ಆಮೇಲೆ ಹುಟ್ಟುತ್ತದೆಯೇ? ಮೂವತ್ತು ದಾಟಿ, ಎರಡನೆಯದನ್ನು ಎರಡು ವರ್ಷ ತಡ ಮಾಡಿದವರಲ್ಲಿ ಬಹಳಷ್ಟು ಸಲ ಹುಟ್ಟುತ್ತದೆ. ಪೆಟ್ಟು ಬೀಳುವುದು ಇಪ್ಪತ್ತರ ಆರಂಭದಲ್ಲಿ ಇರುವವರಿಗೆ. ಅಮೆರಿಕದ ಮಹಿಳೆಯರ ಬಗ್ಗೆ ಅರ್ಥಶಾಸ್ತ್ರಜ್ಞರಾದ ಜಾನೆಟ್ ಕರಿ ಮತ್ತು ಹ್ಯಾನೆಸ್ ಶ್ವಾಂಟ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 20ರಿಂದ 24ರ ವಯಸ್ಸಿನಲ್ಲಿ ನಿರುದ್ಯೋಗ ದರ ಶೇಕಡಾ ಒಂದು ಅಂಶ ಹೆಚ್ಚಿದ್ದರೆ ಆಗ ಸಾವಿರ ಮಹಿಳೆಯರಿಗೆ 6 ಗರ್ಭಗಳು ಕಡಿಮೆಯಾಗುತ್ತವೆ. ಅವರೇ ನಲವತ್ತು ಮುಟ್ಟುವ ಹೊತ್ತಿಗೆ ಆ ಕೊರತೆ ತುಂಬಿಕೊಳ್ಳುವುದಿರಲಿ, 14ಕ್ಕೆ ಏರಿರುತ್ತದೆ. ಮುಖ್ಯ ಕಾರಣ, ಅವರಲ್ಲಿ ಕೆಲವರಿಗೆ ಮಕ್ಕಳೇ ಆಗಿರುವುದಿಲ್ಲ. 'ಮುಂದಿನ ವರ್ಷ' ಬರಲೇ ಇಲ್ಲ.

ಹಾಗಂತ ಎಲ್ಲವನ್ನೂ ಹಿಂಜರಿತದ ತಲೆಗೆ ಕಟ್ಟಬೇಡಿ. ಅಮೆರಿಕದಲ್ಲಿ 2007ರಲ್ಲಿ 43 ಲಕ್ಷ ಮಕ್ಕಳು ಹುಟ್ಟಿದ್ದರು. ಆ ವರ್ಷದ ಕೊನೆಗೆ ಶುರುವಾದ ಹಿಂಜರಿತ 2009ಕ್ಕೇ ಮುಗಿದರೂ ಇಳಿತ ನಿಲ್ಲಲಿಲ್ಲ. 2020ರಲ್ಲಿ ಹುಟ್ಟಿದವರು 36 ಲಕ್ಷ. ಐಸ್‌ಲ್ಯಾಂಡ್‌ನದು ಇನ್ನೊಂದು ಕಥೆ: 2008ರಲ್ಲಿ ದೊಡ್ಡ ಬ್ಯಾಂಕುಗಳೆಲ್ಲ ಕುಸಿದು ಬಿದ್ದರೂ 2009ರಲ್ಲಿ ಮಹಿಳೆಗೆ ಸರಾಸರಿ 2.2 ಮಕ್ಕಳು. ತಂದೆ ತಾಯಿ ಇಬ್ಬರಿಗೂ ಸಂಬಳದೊಂದಿಗೆ ಸಿಗುತ್ತಿದ್ದ ಹೆರಿಗೆ ರಜೆ ಜನರ ಕೈಹಿಡಿಯಿತು ಎಂಬುದು ನನ್ನ ಅಂದಾಜು. ಮುಗ್ಗಟ್ಟಿನ ನಂತರ ಆ ರಜೆಯ ಭತ್ಯೆಗೆ ಕತ್ತರಿ ಬಿತ್ತು, 2017ರ ಹೊತ್ತಿಗೆ ಮಕ್ಕಳ ಸರಾಸರಿ 1.7ಕ್ಕೆ ಇಳಿದಿತ್ತು. ಭಯ ವಿಪರೀತಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಪೂರ್ವ ಜರ್ಮನಿಯನ್ನು ನೋಡಿ. ಏಕೀಕರಣದ ನಂತರ ಕಾರ್ಖಾನೆಗಳು ಮುಚ್ಚುತ್ತಾ ಹೋದಂತೆ, 1990ರಲ್ಲಿ ಸುಮಾರು 1.5 ಇದ್ದ ಈ ಸರಾಸರಿ 1994ಕ್ಕೆ 0.8ಕ್ಕಿಂತ ಕೆಳಗಿಳಿಯಿತು.

ಜನಸಂಖ್ಯೆಯ ಮಾತು ಚುಟುಕಾಗಿ ಮುಗಿಸುತ್ತೇನೆ. ಎರಡು ವರ್ಷದ ಇಳಿತದಿಂದ ದೇಶದ ಒಟ್ಟು ಜನಸಂಖ್ಯೆ ಅಲುಗಾಡುವುದಿಲ್ಲ, ಏಕೆಂದರೆ ಹೆರುವ ವಯಸ್ಸಿನ ತಾಯಂದಿರು ಎಷ್ಟಿದ್ದಾರೆ ಎಂಬುದು ಇಪ್ಪತ್ತು ಮೂವತ್ತು ವರ್ಷ ಹಿಂದೆಯೇ ತೀರ್ಮಾನವಾಗಿರುತ್ತದೆ. ಆದರೆ ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಸಣ್ಣ ತಂಡ ಆರು ವರ್ಷಕ್ಕೆ ಒಂದನೇ ತರಗತಿಯಲ್ಲಿ ಕಾಣುತ್ತದೆ, ಹದಿನೆಂಟು ವರ್ಷಕ್ಕೆ ಕಾಲೇಜಿನ ಬಾಗಿಲಲ್ಲಿ.

ಇಷ್ಟಾದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ, ಯಾಕೆಂದರೆ ಜನನದಷ್ಟೇ ಮರಣವೂ ಜನಸಂಖ್ಯೆಯ ಲೆಕ್ಕ. ಹಿಂಜರಿತದಲ್ಲಿ ಸಾವುಗಳು ಹೆಚ್ಚುತ್ತವೆಯೇ? ಶ್ರೀಮಂತ ದೇಶಗಳಲ್ಲಿ ಅನೇಕ ಸಲ ಕಡಿಮೆಯಾಗಿವೆ! ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ರೂಮ್ 2000ದಲ್ಲಿ ತೋರಿಸಿದಂತೆ, ಅಮೆರಿಕದಲ್ಲಿ ನಿರುದ್ಯೋಗ ಶೇಕಡಾ ಒಂದು ಅಂಶ ಏರಿದರೆ ಸಾವಿನ ಪ್ರಮಾಣ ಸುಮಾರು ಶೇ 0.5ರಷ್ಟು ಇಳಿಯುತ್ತಿತ್ತು. ರಸ್ತೆಯಲ್ಲಿ ವಾಹನಗಳು ಕಡಿಮೆ, ಅಪಘಾತಗಳೂ ಕಡಿಮೆ. 1930ರ ದಶಕದ ಮಹಾಕುಸಿತದ ದಿನಗಳಲ್ಲೂ ಅಲ್ಲಿ ಸರಾಸರಿ ಆಯುಸ್ಸು ಏರಿತ್ತು. ಆದರೆ ಆಸರೆಯೇ ಮುರಿದು ಬಿದ್ದ ಕಡೆ ಹಾಗಾಗಲಿಲ್ಲ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ರಷ್ಯಾದ ಗಂಡಸರ ಸರಾಸರಿ ಆಯುಸ್ಸು 1990ರ ಸುಮಾರು 64ರಿಂದ 1994ರಲ್ಲಿ 58ಕ್ಕಿಂತ ಕೆಳಗೆ ಬಂತು. ಅದೇ ದಶಕದಲ್ಲಿ ಅಲ್ಲಿ ಹುಟ್ಟುವ ಮಕ್ಕಳೂ ಕಡಿಮೆಯಾದರು: 1989ರಲ್ಲಿ ಮಹಿಳೆಗೆ ಸರಾಸರಿ 2, 1999ರಲ್ಲಿ ಸುಮಾರು 1.2. ಇನ್ನು ರೂಮ್ ಅವರ ಲೆಕ್ಕದಲ್ಲಿ, ಒಟ್ಟು ಸಾವುಗಳು ಇಳಿಯುತ್ತಿದ್ದಾಗಲೂ ಏರುತ್ತಿದ್ದ ಒಂದು ಸಾಲಿತ್ತು: ಆತ್ಮಹತ್ಯೆ.