ಕಿವಿಯಿಂದ ಓದುವವರಿಗೆ ಗ್ರಂಥಋಣ

ಕನ್ನಡ ವಿಕಿಪೀಡಿಯಾದ ಒಂದು ಪುಟದ ವಿಳಾಸವನ್ನು ನಕಲು ಮಾಡಿ ಸಂಶೋಧನ ಪ್ರಬಂಧದ ಗ್ರಂಥಋಣದಲ್ಲಿ, ಅಂದರೆ ಆಕರಪಟ್ಟಿಯಲ್ಲಿ, ಅಂಟಿಸಿ ನೋಡಿ. ‘ಕನ್ನಡ’ ಎಂಬ ಪುಟ್ಟ ಪದ ಬಹಳ ಸಲ ಶೇಕಡಾ ಗುರುತು, ರೋಮನ್ ಅಕ್ಷರ, ಅಂಕಿಗಳು ಬೆರೆತ 45 ಚಿಹ್ನೆಗಳ ಸಾಲಾಗಿ ಬಂದು ಕೂರುತ್ತದೆ. ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ಆ ಪದಕ್ಕೆ ಇರುವುದು 5 ಸಂಕೇತ. ವಿಳಾಸದೊಳಗೆ ಒಂದೊಂದಕ್ಕೂ 9 ಚಿಹ್ನೆ ಬೇಕು. ಕಣ್ಣಿನಿಂದ ಓದುವವರು ಅದನ್ನು ದಾಟಿ ಹೋಗುತ್ತಾರೆ. ತೆರೆಯ ಮೇಲಿನ ಬರಹವನ್ನು ದನಿಯಾಗಿ ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ನೆಚ್ಚಿಕೊಂಡ ಅಂಧ ವಿದ್ಯಾರ್ಥಿಗೆ ಕೇಳಿಸುವುದು ‘ಪರ್ಸೆಂಟ್ ಇ ಸೊನ್ನೆ, ಪರ್ಸೆಂಟ್ ಬಿ ಎರಡು, ಪರ್ಸೆಂಟ್ ಒಂಬತ್ತು ಐದು’. ಇಷ್ಟಾದರೆ ‘ಕ’ ಮುಗಿಯಿತು.

ಈ ಕಷ್ಟ ಯಾರೂ ಬೇಕೆಂದು ತಂದದ್ದಲ್ಲ. ಉಲ್ಲೇಖದ ನಿಯಮಗಳು ಹುಟ್ಟಿದ್ದೇ ಕಾಗದಕ್ಕಾಗಿ. ಬರವಣಿಗೆ, ಉಲ್ಲೇಖಗಳ ಶೈಲಿ ಹೇಳುವ ಶಿಕಾಗೊ ಕೈಪಿಡಿ ಬಂದದ್ದು 1906ರಲ್ಲಿ. ಅಮೆರಿಕದ ಮನೋವಿಜ್ಞಾನ ಸಂಘದ ಎಪಿಎ ಶೈಲಿ 1929ರಲ್ಲಿ ಏಳು ಪುಟಗಳ ಒಂದು ಲೇಖನವಾಗಿ ಶುರುವಾಯಿತು. ಸಾಹಿತ್ಯ ವಿಭಾಗಗಳು ಅನುಸರಿಸುವ ಎಂಎಲ್‌ಎ ಶೈಲಿಯ ಮೊದಲ ಕಿರುಹೊತ್ತಗೆ 1951ರದು. ಪುಟ ಸಂಖ್ಯೆ, ಓರೆ ಅಕ್ಷರ, ಒಳಸರಿದ ಸಾಲು, ಹಿಂದಿನ ಟಿಪ್ಪಣಿಯನ್ನು ಸೂಚಿಸುವ ‘ಅದೇ’ ಎಂಬ ಒಂದೇ ಪದ, ಎಲ್ಲವೂ ಹಾಳೆಯ ಮೇಲೆ ಕಣ್ಣಾಡಿಸುವವರಿಗೆ ಮಾಡಿದ ಏರ್ಪಾಡು. ಅಂತರಜಾಲ ಬಂದಾಗ ವಿಳಾಸವನ್ನು ಪೂರ್ತಿ ಬರೆಯುವ ರೂಢಿ ಬಂದದ್ದಕ್ಕೂ ಕಾಗದವೇ ಕಾರಣ. ಮುದ್ರಿತ ಪುಟವನ್ನು ಒತ್ತಿ ಬೇರೆಡೆಗೆ ಹೋಗಲು ಬರುವುದಿಲ್ಲ. ಓದುಗ ಅದನ್ನು ನೋಡಿ ತಾನೇ ಟೈಪ್ ಮಾಡಬೇಕಿತ್ತು. ಎಂಎಲ್‌ಎ 2009ರಲ್ಲಿ ವಿಳಾಸ ಕಡ್ಡಾಯವಲ್ಲ ಎಂದಿತು, 2016ರಲ್ಲಿ ಮತ್ತೆ ಕೊಡಿ ಎಂದಿತು.

ಅಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಬೇರೆಯದೇ ನಿಯಮ ಬೆಳೆಯುತ್ತಿತ್ತು. ಅಂತರಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟ 1999ರಲ್ಲಿ ಜಾಲತಾಣಗಳ ಸುಗಮ್ಯತೆಗೆ, ಅಂದರೆ ವಿಕಲಚೇತನರೂ ಅವನ್ನು ಬಳಸುವಂತಾಗಲು, ಮಾರ್ಗಸೂಚಿ ಹೊರಡಿಸಿತು. 2008ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. ಕೊಂಡಿ ಎಲ್ಲಿಗೆ ಒಯ್ಯುತ್ತದೆ ಎಂಬುದು ತಿಳಿಯುವಂತಿರಬೇಕು ಎಂಬುದು ಅದರ ಒಂದು ಷರತ್ತು. ಕಾರಣ ಸ್ಪಷ್ಟ: ಸ್ಕ್ರೀನ್ ರೀಡರ್ ಬಳಸುವವರು ಪುಟದ ಕೊಂಡಿಗಳನ್ನಷ್ಟೇ ಪಟ್ಟಿಯಾಗಿ ಹೊರತೆಗೆದು ಬೇಕಾದುದನ್ನು ಹುಡುಕುತ್ತಾರೆ. ಅರವತ್ತು ಆಕರಗಳಿರುವ ಲೇಖನದಲ್ಲಿ ಆ ಪಟ್ಟಿಯ ಪ್ರತಿ ಸಾಲೂ ‘ಎಚ್‌ಟಿಟಿಪಿಎಸ್ ಕೋಲನ್ ಸ್ಲ್ಯಾಶ್ ಸ್ಲ್ಯಾಶ್’ ಎಂದೇ ಆರಂಭವಾದರೆ ಯಾವುದು ಯಾರ ಕೃತಿ?

ಆದರೂ ಬರಿಯ ವಿಳಾಸ ಕೊಟ್ಟವರು ನಿಯಮ ಮುರಿದರು ಎನ್ನಲಾಗದು. ಮಾರ್ಗಸೂಚಿಯ ಕನಿಷ್ಠ ಹಂತಕ್ಕೆ, ಕೊಂಡಿಯ ಅರ್ಥ ಅದೇ ವಾಕ್ಯದಲ್ಲೋ ಪಟ್ಟಿಯ ಅದೇ ನಮೂದಿನಲ್ಲೋ ಸಿಕ್ಕರೆ ಸಾಕು. ಗ್ರಂಥಋಣದ ಪ್ರತಿ ನಮೂದಿನಲ್ಲೂ ಲೇಖಕರ ಹೆಸರು, ಶೀರ್ಷಿಕೆ ಇರುತ್ತವಲ್ಲ! ಕೊಂಡಿಯೊಂದೇ ತನ್ನ ಅರ್ಥ ಹೇಳಬೇಕು ಎಂಬುದು ಅತ್ಯುನ್ನತ ಹಂತದ ಅಪೇಕ್ಷೆ. ಆದ್ದರಿಂದ ಗ್ರಂಥಋಣವು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ, ಓದುವವರನ್ನು ಮಾತ್ರ ದಣಿಸುತ್ತದೆ. ತೇರ್ಗಡೆಯಾಯಿತೆಂದು ಕೈತೊಳೆದುಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಗ್ರಂಥಋಣ ಇರುವುದೇ ಓದುಗರನ್ನು ಮೂಲಕ್ಕೆ ಕರೆದೊಯ್ಯಲು.

ಶೈಲಿ ಕೈಪಿಡಿಗಳೂ ಮೆಲ್ಲಗೆ ಸರಿದಿವೆ. 2017ರ ಶಿಕಾಗೊ ಆವೃತ್ತಿ ‘ಅದೇ’ ಪದ್ಧತಿಗಿಂತ ಲೇಖಕರ ಹೆಸರಿನೊಡನೆ ಕಿರು ಶೀರ್ಷಿಕೆ ಕೊಡುವುದು ಮೇಲೆಂದಿತು. ತೆರೆಯಲ್ಲಿ ಒಂದೊಂದೇ ಟಿಪ್ಪಣಿ ತೆರೆದುಕೊಳ್ಳುವಾಗ ‘ಅದೇ’ ಎಂದರೆ ಯಾವುದೆಂದು ಯಾರಿಗೂ ತಿಳಿಯದು. 2019ರ ಎಪಿಎ ಏಳನೆಯ ಆವೃತ್ತಿ ಒತ್ತಿದರೆ ತೆರೆಯುವ ಕೊಂಡಿಗಳನ್ನು ಒಪ್ಪಿತು. ಪುಟ ಸಂಖ್ಯೆ ಇಲ್ಲದ ಕಡೆ ಪ್ಯಾರಾ ಸಂಖ್ಯೆಯನ್ನೋ ಉಪಶೀರ್ಷಿಕೆಯನ್ನೋ ಕೊಡಬಹುದು. ಡಬ್ಲ್ಯು3ಸಿ 2017ರಲ್ಲಿ ಅಡಿಟಿಪ್ಪಣಿ, ಗ್ರಂಥಋಣಗಳನ್ನು ಯಂತ್ರ ಗುರುತಿಸುವಂತೆ ಗುರುತುಪಟ್ಟಿಗಳನ್ನೇ ರೂಪಿಸಿತು. ಉಳಿದ ದಾರಿ ಸುಲಭ: ತೆರೆಗಾಗಿ ಸಿದ್ಧವಾಗುವ ಪ್ರತಿಯಲ್ಲಿ ಶೀರ್ಷಿಕೆಯನ್ನೇ ಕೊಂಡಿಯಾಗಿಸಿ, ಮುದ್ರಣದ ಪ್ರತಿಯಲ್ಲಿ ವಿಳಾಸ ಇಟ್ಟುಕೊಳ್ಳುವುದು.

ಕನ್ನಡದ ಸಂಶೋಧನೆಯಲ್ಲಿ ತೊಡಕು ಇನ್ನೂ ಬುಡದಲ್ಲಿದೆ. ಯೂನಿಕೋಡ್‌ಗೆ ಮುಂಚಿನ ‘ನುಡಿ’, ‘ಬರಹ’ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕೂತಿದ್ದವು. ಹಾಗೆ ಸಿದ್ಧವಾದ ಪಿಡಿಎಫ್ ಕಣ್ಣಿಗೆ ಮುದ್ದಾದ ಕನ್ನಡ. ಸ್ಕ್ರೀನ್ ರೀಡರ್‌ಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಲ್ಪವಿರಾಮವೂ ತಪ್ಪದ ಗ್ರಂಥಋಣದಲ್ಲಿ ಲೇಖಕರ ಹೆಸರೇ ಕೇಳಿಸುವುದಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳೂ ಇವೆ. ಹಳೆಯ ಫಾಂಟ್‌ಗಳಲ್ಲಿರುವ ಪ್ರಬಂಧಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಬದಲಿಸುವ, ಒತ್ತಕ್ಷರ ತಪ್ಪಿದಲ್ಲಿ ತಿದ್ದುವ ಕೆಲಸ ಬಾಕಿ ಇದೆ.