ಗೇಬರ್‌ಹುಡ್: ಕೈ ಬಿಡದ ಊರು

ಸಂಜೆ ಹೊತ್ತು ಇಬ್ಬರು ಗಂಡಸರು ಕೈ ಹಿಡಿದುಕೊಂಡು ನಡೆದು ಹೋಗುತ್ತಿದ್ದಾರೆ. ಎದುರಿನಿಂದ ಯಾರೋ ಬರುತ್ತಾರೆ. ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಇಬ್ಬರಲ್ಲಿ ಒಬ್ಬನ ಬೆರಳು ಸಡಿಲವಾಗುತ್ತದೆ. ಫೋನ್ ತೆಗೆಯುವ ನೆಪದಲ್ಲಿ ಕೈ ಜೇಬಿಗೆ ಇಳಿಯುತ್ತದೆ. ಬರಿಯ ಗೆಳೆಯರಾಗಿದ್ದರೆ ಅದೇ ಕೈ ಹೆಗಲ ಮೇಲೆ ಸಲೀಸಾಗಿ ಇರುತ್ತಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಪ್ರೀತಿಸುವವರು ಹಿಡಿದಾಗ ಮಾತ್ರ ಆ ಕೈಗೆ ಭಯ ಹತ್ತಿಕೊಳ್ಳುತ್ತದೆ. ಎದುರಿಗೆ ಬಂದವರು ಏನೂ ಅನ್ನದೆ ದಾಟಿ ಹೋಗಿರುತ್ತಾರೆ. ಆದರೂ ಕೈ ಬಿಟ್ಟದ್ದು ಬಿಟ್ಟದ್ದೇ.

ನಾನು ಹೀಗೆ ಕೈ ಬಿಟ್ಟವನು, ಎಷ್ಟೋ ಸಲ. ಯಾವ ಊರಿನಲ್ಲಿ, ಯಾವ ಬೀದಿಯಲ್ಲಿ ಬಿಡಬೇಕಾಗಿಲ್ಲ ಎಂದು ಹುಡುಕುತ್ತಾ ಹೋದಾಗ ಎದುರಾದ ಪದ ಗೇಬರ್‌ಹುಡ್. ‘ಗೇ’ ಮತ್ತು ‘ನೈಬರ್‌ಹುಡ್’ ಎರಡನ್ನೂ ಬೆಸೆದು ಇಂಗ್ಲಿಷಿನವರು ಮಾಡಿಕೊಂಡದ್ದು. ‘ಗೇ ವಿಲೇಜ್’ ಎಂದೂ ಅನ್ನುತ್ತಾರೆ. ಗೇ ಜನ ಹೆಚ್ಚಾಗಿ ನೆಲೆಸಿರುವ, ಅವರ ಅಂಗಡಿ, ಹೋಟೆಲು, ಪುಸ್ತಕ ಮಳಿಗೆ, ವೈದ್ಯರು, ಸಂಘಗಳು ಒಂದೇ ಕಡೆ ಸಿಗುವ ನಗರದ ಭಾಗ ಎಂಬುದು ಅದರ ಅರ್ಥ. ಕನ್ನಡದಲ್ಲಿ ಇದಕ್ಕೆ ಹತ್ತಿರವಾಗಿ ನನಗೆ ಕಾಣುವ ಮಾತು ‘ನೆರೆ’. ನೆರೆ ಎಂದರೆ ಪಕ್ಕದ ಮನೆ. ನೆರೆ ಎಂದರೆ ಒಟ್ಟು ಸೇರುವುದೂ ಹೌದು, ‘ಜನ ನೆರೆದರು’ ಅನ್ನುತ್ತೇವಲ್ಲ, ಹಾಗೆ. ಗೇಬರ್‌ಹುಡ್‌ನ ಕಥೆಯೂ ಇದೇ. ಮೊದಲು ಜನ ನೆರೆದರು, ನೆರೆಹೊರೆಯಾದದ್ದು ಆಮೇಲೆ.

ಇಲ್ಲಿ ಇನ್ನೊಂದು ಪದದ ಬಗ್ಗೆಯೂ ಹೇಳಿಬಿಡಬೇಕು. ಪತ್ರಿಕೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ‘ಸಲಿಂಗಕಾಮಿ’ ನಮ್ಮಲ್ಲಿ ಹಲವರಿಗೆ ಚುಚ್ಚುತ್ತದೆ. ಮನೆ ಹುಡುಕುವವನು, ಸಂಗಾತಿಗೆ ಜ್ವರ ಬಂದರೆ ಔಷಧಿ ತರಲು ಓಡುವವನು, ಮುಪ್ಪಿನಲ್ಲಿ ಯಾರ ಜೊತೆ ಇರಲಿ ಎಂದು ಯೋಚಿಸುವವನು, ಇವನ ಇಡೀ ಬದುಕನ್ನು ಆ ಪದ ಹಾಸಿಗೆಗೆ ಕಟ್ಟಿಹಾಕುತ್ತದೆ. ಅದಕ್ಕೇ ಗೇ ಅಥವಾ ಸಲಿಂಗಿ ಎಂದು ಬರೆಯುತ್ತಿದ್ದೇನೆ.

ಇಂಥ ನೆರೆಹೊರೆಗಳು ಹೇಗೆ ಹುಟ್ಟಿದವು ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಕಥೆ ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಸಲಿಂಗಿಗಳೆಂದು ಗೊತ್ತಾದ ಸೈನಿಕರನ್ನು ಹೊರಗೆ ಹಾಕುತ್ತಿತ್ತು. ಅವರ ಕೈಗೆ ಕೊಡುತ್ತಿದ್ದ ಪತ್ರ ನೀಲಿ ಕಾಗದದ್ದು, ಹಾಗಾಗಿ ಅದಕ್ಕೆ ‘ಬ್ಲೂ ಡಿಸ್‌ಚಾರ್ಜ್’ ಎಂದೇ ಹೆಸರಾಯಿತು. ಆ ನೀಲಿ ಕಾಗದ ನೋಡಿದ ಮೇಲೆ ಕೆಲಸ ಕೊಡಲು ಹಿಂಜರಿಯುವವರೇ ಹೆಚ್ಚು. ಯುದ್ಧ ಮುಗಿಸಿ ಬಂದವರಿಗೆ ಸರ್ಕಾರ ಕೊಡುತ್ತಿದ್ದ ಸವಲತ್ತಿಗೂ ಕುತ್ತು. ಊರಿಗೆ ಮರಳಿದರೆ ಇಷ್ಟು ಬೇಗ ಯಾಕೆ ಬಂದೆ ಎಂಬ ಪ್ರಶ್ನೆಗೆ ಏನೆಂದು ಉತ್ತರ ಕೊಡುವುದು? ಪೆಸಿಫಿಕ್ ಕಡೆಯ ಯುದ್ಧಕ್ಕೆ ಸೈನಿಕರು ಹಡಗು ಹತ್ತುತ್ತಿದ್ದ, ಇಳಿಯುತ್ತಿದ್ದ ದೊಡ್ಡ ಬಂದರು ಸ್ಯಾನ್ ಫ್ರಾನ್ಸಿಸ್ಕೊ. ಹಲವರು ಇಳಿದಲ್ಲೇ ಉಳಿದರು.

ಮುಂದೆ ಜಗತ್ತಿಗೆಲ್ಲ ಹೆಸರಾದ ಕ್ಯಾಸ್ಟ್ರೊ ಬಡಾವಣೆ ಆಗ ಐರಿಷ್ ಮೂಲದ ದುಡಿಯುವ ಕುಟುಂಬಗಳದ್ದು. 1960ರ ದಶಕದಲ್ಲಿ ಆ ಕುಟುಂಬಗಳು ನಗರದ ಹೊರವಲಯಕ್ಕೆ ಹೋಗತೊಡಗಿದವು, ಹಳೆಯ ವಿಕ್ಟೋರಿಯನ್ ಮನೆಗಳು ಅಗ್ಗಕ್ಕೆ ಸಿಗತೊಡಗಿದವು. ಗೇ ಯುವಕರು ಬಂದು ಅವನ್ನು ಕೊಂಡರು, ಬಾಡಿಗೆಗೆ ಹಿಡಿದರು, ಬಣ್ಣ ಬಳಿದರು. ಅವರನ್ನು ಅಲ್ಲಿ ಯಾರೂ ಆರತಿ ಎತ್ತಿ ಕರೆದುಕೊಳ್ಳಲಿಲ್ಲ. ಇಬ್ಬರು ಗೇ ಗಂಡಸರು ಅಂಗಡಿ ತೆರೆಯಲು ಹೊರಟಾಗ ಅಲ್ಲಿನ ಹಳೆಯ ವ್ಯಾಪಾರಿಗಳ ಸಂಘ ಅವರಿಗೆ ಪರವಾನಗಿ ಸಿಗದಂತೆ ಮಾಡಲು ನೋಡಿತು. ಅದೇ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದ, ತಾನೂ ಗೇ ಆಗಿದ್ದ ಹಾರ್ವೆ ಮಿಲ್ಕ್ ಮತ್ತು ಜೊತೆಯವರು ಬೇರೆಯೇ ಸಂಘ ಕಟ್ಟಿದರು. 1974ರಲ್ಲಿ ಬೀದಿಯಲ್ಲೇ ಒಂದು ಜಾತ್ರೆ ನಡೆಸಿದರು. ಸಾವಿರಾರು ಜನ ಬಂದರು, ಅಂಗಡಿಗಳಿಗೆ ಭರ್ಜರಿ ವ್ಯಾಪಾರವಾಯಿತು. ಮಿಲ್ಕ್ 1977ರಲ್ಲಿ ನಗರದ ಆಡಳಿತ ಮಂಡಳಿಗೆ ಆಯ್ಕೆಯಾದರು. 1978ರ ನವೆಂಬರ್ 27ರಂದು ಅವರನ್ನೂ ಮೇಯರ್ ಜಾರ್ಜ್ ಮಾಸ್ಕೋನಿಯನ್ನೂ ಗುಂಡಿಟ್ಟು ಕೊಂದರು. ಕ್ಯಾಸ್ಟ್ರೊ ಇವತ್ತು ಚೆಂದಕ್ಕೆ ಕಾಣುವ ಬಾವುಟಗಳ ಬೀದಿ. ಅದರ ಕೆಳಗೆ ಒಂದು ಪರವಾನಗಿಯ ಜಗಳವಿದೆ, ಎರಡು ಕೊಲೆಗಳಿವೆ.

ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಹಾಲಿವುಡ್‌ನದು ನನಗೆ ತುಂಬ ಇಷ್ಟವಾದ ಕಥೆ. 1984ರ ನವೆಂಬರ್‌ನಲ್ಲಿ ಅಲ್ಲಿನವರು ಮತ ಹಾಕಿ ತಮ್ಮದೇ ನಗರ ಮಾಡಿಕೊಂಡರು. ಅದರಲ್ಲಿ ಕೈ ಜೋಡಿಸಿದವರು ಗೇ ಜನ ಮಾತ್ರವಲ್ಲ, ಅಲ್ಲಿ ಬಾಡಿಗೆಗಿದ್ದ ವಯಸ್ಸಾದವರೂ ಕೂಡ. ಬಾಡಿಗೆಗೆ ಮಿತಿ ಬೇಕು, ಇದ್ದ ಮನೆಯಿಂದ ಎಬ್ಬಿಸಬಾರದು ಎಂಬುದು ಇಬ್ಬರ ಚಿಂತೆಯೂ ಆಗಿತ್ತು. ಆ ನಗರದ ಮೊದಲ ಕೌನ್ಸಿಲ್‌ನಲ್ಲಿ ಬಹುಮತ ಗೇ ಮತ್ತು ಲೆಸ್ಬಿಯನ್ ಸದಸ್ಯರದ್ದೇ. ನೆರೆಹೊರೆ ಬೆಸೆಯುವುದು ಹೀಗೆ, ನೀನು ಯಾರು ಎಂದು ಕೇಳುವ ಮುಂಚೆ ನಿನ್ನ ಮನೆಯ ಕಷ್ಟವೂ ನನ್ನ ಮನೆಯ ಕಷ್ಟವೂ ಒಂದೇ ಎಂದು ಗೊತ್ತಾದಾಗ.

ಬೇರೆ ದೇಶಗಳಲ್ಲೂ ಇಂಥ ಬೀದಿಗಳಿವೆ. ಪ್ಯಾರಿಸಿನ ಮರೆ, ಮ್ಯಾಡ್ರಿಡ್‌ನ ಚುಯೆಕಾ, ಮ್ಯಾಂಚೆಸ್ಟರ್‌ನ ಕೆನಾಲ್ ಸ್ಟ್ರೀಟ್, ಟೋಕಿಯೋದ ಶಿಂಜುಕು ನಿ-ಚೋಮೆ. ಆದರೆ ಒಂದನ್ನು ಮಾತ್ರ ದಾಟಿಕೊಂಡು ಹೋಗಲು ಮನಸ್ಸು ಬರುವುದಿಲ್ಲ: ಬರ್ಲಿನ್. 1920ರ ದಶಕದಲ್ಲಿ ಅಲ್ಲಿನ ಶೋನೆಬರ್ಗ್‌ನಲ್ಲಿ ಗೇ ಜನರ ಬಾರುಗಳು, ನೃತ್ಯಶಾಲೆಗಳು ರಾಜಾರೋಷವಾಗಿ ನಡೆಯುತ್ತಿದ್ದವು. ಅದೇ ನಗರದಲ್ಲಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯ 1919ರಲ್ಲಿ ಲೈಂಗಿಕತೆಯ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ತೆರೆದಿದ್ದರು. 1933ರ ಮೇ ತಿಂಗಳಲ್ಲಿ ನಾಜಿಗಳು ಅದಕ್ಕೆ ನುಗ್ಗಿದರು, ಅದರ ಗ್ರಂಥಾಲಯದ ಪುಸ್ತಕಗಳನ್ನು ನಗರದ ಚೌಕದಲ್ಲಿ ಸುಟ್ಟರು. ಇಂದು ನೊಲೆಂಡೊರ್ಫ್‌ಪ್ಲಾಟ್ಸ್ ರೈಲು ನಿಲ್ದಾಣದ ಗೋಡೆಯ ಮೇಲೆ ಗುಲಾಬಿ ಕಲ್ಲಿನ ತ್ರಿಕೋನವಿದೆ, ನಾಜಿಗಳ ಕೈಯಲ್ಲಿ ಸತ್ತ ಸಲಿಂಗಿಗಳ ನೆನಪಿಗೆ. ಆ ಬಡಾವಣೆ ಮತ್ತೆ ಗೇ ಜನರ ನೆಲೆಯಾಗಿದೆ. ಆದರೆ ನಡುವೆ ಹೋದ ಜೀವಗಳು ಹೋದವು. ಒಂದು ಊರು ಒಪ್ಪಿಕೊಂಡಿದೆ ಎಂದಾಗ ಆ ಒಪ್ಪಿಗೆಯನ್ನು ಕಾಯುವವರು ಯಾರು, ಕಾನೂನೋ, ಅಕ್ಕಪಕ್ಕದವರೋ, ಇಬ್ಬರೂ ಸೇರಿಯೋ ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ.

‘ಒಪ್ಪುವ ಊರು’ ಅಂದಾಗ ಜನ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾಡಿಬಿಡುತ್ತಾರೆ. ದೊಡ್ಡ ನಗರದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ, ಅದು ಗುರುತಿಲ್ಲದಿರುವುದರ ನೆಮ್ಮದಿ. ಗುರುತಾಗುವವರೆಗೆ ಮಾತ್ರ ಉಳಿಯುವ ನೆಮ್ಮದಿ ಅದು. ಇನ್ನೊಂದು ಸಹನೆ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು. ‘ನಿಮ್ಮ ಪಾಡಿಗೆ ನೀವಿರಿ, ನಮಗೇನೂ ಹೇಳಬೇಡಿ’ ಎಂಬ ಕರಾರು ಅದರ ಹಿಂದೆ ಇರುತ್ತದೆ. ವರ್ಷಗಟ್ಟಲೆ ಹಾಗೆ ಬದುಕಿದವರ ಬೆನ್ನು ಬಾಗಿರುವುದನ್ನು ನೋಡಿದ್ದೇನೆ. ಒಪ್ಪಿಗೆ ಇವೆರಡೂ ಅಲ್ಲ. ಗೊತ್ತಾದ ಮೇಲೂ ಮಾತು ಮೊದಲಿನಂತೆ ಮುಂದುವರಿಯುವುದು ಒಪ್ಪಿಗೆ.

ಗೇಬರ್‌ಹುಡ್ ಎಂದರೆ ಒಪ್ಪಿಗೆಯ ಸ್ವರ್ಗ ಎಂದೂ ತಿಳಿಯಬಾರದು. ಅಲ್ಲಿ ಗೇ ಗಂಡಸರಿಗೆ ಸಿಕ್ಕ ಜಾಗ ಲೆಸ್ಬಿಯನ್ ಹೆಂಗಸರಿಗೆ, ಟ್ರಾನ್ಸ್ ಜನರಿಗೆ, ಬೇರೆ ಬಣ್ಣದವರಿಗೆ ಅಷ್ಟೇ ಸಲೀಸಾಗಿ ಸಿಗಲಿಲ್ಲ. ಶಿಕಾಗೊ ನಗರಾಡಳಿತ 1998ರಲ್ಲಿ ತನ್ನ ಗೇ ಬೀದಿಯ ಉದ್ದಕ್ಕೂ ಕಾಮನಬಿಲ್ಲಿನ ಬಣ್ಣದ ಕಂಬಗಳನ್ನು ನಿಲ್ಲಿಸಿ ಅದನ್ನು ಅಧಿಕೃತವಾಗಿಯೇ ಗುರುತಿಸಿತು. ಅದರ ಹೆಸರು ಮಾತ್ರ ‘ಬಾಯ್ಸ್‌ಟೌನ್’, ಹುಡುಗರ ಊರು. ಹುಡುಗರಲ್ಲದವರು ಎಲ್ಲಿಗೆ ಹೋಗಬೇಕು? ಆಕ್ಷೇಪ ಜೋರಾದ ಮೇಲೆ 2020ರಲ್ಲಿ ಅಲ್ಲಿನ ವ್ಯಾಪಾರಿಗಳ ಮಂಡಳಿ ಆ ಹೆಸರನ್ನು ಬಿಟ್ಟು ‘ನಾರ್ತ್‌ಹಾಲ್‌ಸ್ಟೆಡ್’ ಎಂದು ಬಳಸತೊಡಗಿತು. ಬಾಡಿಗೆಯದು ಇನ್ನೊಂದು ಕಷ್ಟ. ಪಾಳು ಮನೆಗೆ ಬಣ್ಣ ಬಳಿದು ಬೀದಿಗೆ ಕಳೆ ತಂದವರೇ ಆ ಬೀದಿಯ ಬಾಡಿಗೆ ಕೊಡಲಾಗದೆ ಹೊರಗೆ ಹೋಗುತ್ತಿದ್ದಾರೆ. ಕಾನೂನು ಒಪ್ಪಿದ ಮೇಲೆ, ಅಂದರೆ 2001ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಶುರುವಾಗಿ ದೇಶದ ಮೇಲೆ ದೇಶ ಸಲಿಂಗ ಮದುವೆಗೆ ಮಾನ್ಯತೆ ಕೊಟ್ಟ ಮೇಲೆ, ಒಂದೇ ಬೀದಿಯಲ್ಲಿ ನೆರೆಯಬೇಕಾದ ಅಗತ್ಯವೂ ಹಲವರಿಗೆ ಕಡಿಮೆಯಾಗಿದೆ.

ಚಿಕ್ಕ ಊರುಗಳನ್ನು ಮೊದಲೇ ಪಟ್ಟಿಯಿಂದ ಹೊಡೆದುಹಾಕುವವರಿಗೆ ನಾನು ಹೇಳುವುದು ವಿಕ್ಕೊ ಬಗ್ಗೆ. ಅಮೆರಿಕದ ಕೆಂಟಕಿಯ ಕಲ್ಲಿದ್ದಲು ಸೀಮೆಯಲ್ಲಿರುವ, ಕೆಲವೇ ನೂರು ಜನರ ಊರು. ಮನೆ ಮತ್ತು ಕೆಲಸದ ವಿಷಯದಲ್ಲಿ ಸಲಿಂಗಿಗಳಿಗೆ, ಟ್ರಾನ್ಸ್ ಜನರಿಗೆ ಭೇದ ಮಾಡಕೂಡದೆಂದು ಆ ಊರು 2013ರ ಜನವರಿಯಲ್ಲಿ ಕಾನೂನು ಮಾಡಿತು. ಅದರ ಮೇಯರ್ ಜಾನಿ ಕಮಿಂಗ್ಸ್ ಗೇ ಎಂಬುದು ಊರಿಗೆಲ್ಲ ಗೊತ್ತಿತ್ತು, ಗೊತ್ತಿದ್ದೇ ಆಯ್ಕೆ ಮಾಡಿದ್ದರು.

ಹಾಗಾದರೆ ಊರನ್ನು ಅಳೆಯುವುದು ಹೇಗೆ? ಅಮೆರಿಕದ ನಗರಗಳಿಗೆ ಹ್ಯೂಮನ್ ರೈಟ್ಸ್ ಕ್ಯಾಂಪೇನ್ ಸಂಸ್ಥೆ 2012ರಿಂದ 100ಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದೆ. ಯುರೋಪಿನ ದೇಶಗಳಿಗೆ ಇಲ್ಗಾ-ಯುರೋಪ್ ಸಂಸ್ಥೆಯ ‘ರೇನ್‌ಬೋ ಮ್ಯಾಪ್’ ಇದೆ. ಇವು ಕಾನೂನನ್ನು ಅಳೆಯುತ್ತವೆ. ಕೆಲಸದಿಂದ ತೆಗೆದರೆ ದೂರು ಕೊಡಬಹುದೇ, ಸಂಗಾತಿ ಆಸ್ಪತ್ರೆಯಲ್ಲಿದ್ದರೆ ಸಹಿ ಹಾಕುವ ಹಕ್ಕು ಯಾರದು, ಸತ್ತ ಮೇಲೆ ಮನೆ ಯಾರಿಗೆ ಸೇರುತ್ತದೆ, ಇದೆಲ್ಲ ತಿಳಿಯದೆ ಊರು ಬದಲಿಸುವುದು ತಪ್ಪು. ಆದರೆ ಪಕ್ಕದ ಮನೆಯವರ ಮುಖಕ್ಕೆ ಯಾರೂ ಅಂಕ ಕೊಡುವುದಿಲ್ಲ. ಅದಕ್ಕೆ ಊರಿಗೇ ಹೋಗಬೇಕು. ಪ್ರೈಡ್ ಮೆರವಣಿಗೆಯ ದಿನ ಅಲ್ಲ, ಯಾವುದೋ ಮಾಮೂಲಿ ಮಂಗಳವಾರ. ಅಲ್ಲಿ ವಯಸ್ಸಾದ ಗೇ ಜೋಡಿಗಳು ಇದ್ದಾರೆಯೇ ಎಂದು ನಾನು ಮೊದಲು ನೋಡುತ್ತೇನೆ. ಯುವಕರು ಎಲ್ಲಿ ಬೇಕಾದರೂ ನಾಲ್ಕು ದಿನ ಇರುತ್ತಾರೆ. ಎಪ್ಪತ್ತು ದಾಟಿದವರು ಉಳಿದಿದ್ದಾರೆ ಎಂದರೆ ಕಾಯಿಲೆ ಬಿದ್ದಾಗಲೂ ಆ ಊರು ಅವರನ್ನು ಕೈಬಿಟ್ಟಿಲ್ಲ. ಒಬ್ಬ ಟ್ರಾನ್ಸ್ ಹೆಂಗಸು ರಾತ್ರಿ ಬಸ್ಸಿನಲ್ಲಿ ಹೆದರದೆ ಬರುತ್ತಾಳೆಯೇ ಎಂಬುದು ಎರಡನೆಯದು. ಅವಳಿಗೆ ಸುರಕ್ಷಿತವಾದದ್ದು ನನಗೂ ಸುರಕ್ಷಿತ. ನನಗೆ ಸುರಕ್ಷಿತವಾದದ್ದು ಅವಳಿಗೂ ಹಾಗೇ ಎಂದು ಹೇಳಲು ಬಾಯಿ ಬರುವುದಿಲ್ಲ.

ಆಮೇಲೆ ಬಾಡಿಗೆ ಮನೆ ಕೇಳಬೇಕು. ನಾನು ಮತ್ತು ನನ್ನ ಸಂಗಾತಿ ಎಷ್ಟೋ ಮನೆ ಕೇಳಿದ್ದೇವೆ. ‘ನಮ್ಮದೇನೂ ಅಭ್ಯಂತರ ಇಲ್ಲ ಸಾರ್, ಅಕ್ಕಪಕ್ಕದವರು ಏನಂತಾರೋ’ ಎಂಬ ಮಾತು ಬಾಯಿಪಾಠವಾಗಿದೆ. ಒಂದು ಸಲ ವಯಸ್ಸಾದ ಮನೆ ಯಜಮಾನಿಯೊಬ್ಬರು ಎರಡು ಕೋಣೆಯ ಮನೆ ತೋರಿಸುತ್ತಾ, ‘ಇದು ನಿಮಗಾಯ್ತು, ಆ ಕಡೇದು ನಿಮ್ಮ ಫ್ರೆಂಡಿಗೆ’ ಅಂದರು. ನಾನು ಸುಮ್ಮನಿದ್ದೆ. ಅವನೇ ಹೇಳಿದ, ‘ಇಲ್ಲಮ್ಮ, ನಮಗೆ ಒಂದು ಕೋಣೆ ಸಾಕು. ಆ ಕಡೇದ್ರಲ್ಲಿ ಪುಸ್ತಕ ಇಟ್ಕೋತೀವಿ.’ ಆಕೆ ಅವನನ್ನು ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿದ್ದ ಬೀಗದ ಕೈ ಗೊಂಚಲು ಒಮ್ಮೆ ಸದ್ದು ಮಾಡಿತು. ನನ್ನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು.

‘ಹಾಗಾದ್ರೆ ಕಿಟಕಿಗೆ ಒಂದು ಪರದೆ ಹಾಕಿಸ್ಕೊಳ್ಳಿ’ ಅಂದರು. ‘ಆ ಕೋಣೆಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತೆ. ಪುಸ್ತಕದ ಬಣ್ಣ ಹೊರಟು ಹೋಗುತ್ತೆ.’