ಹೂವಿನ ಗುಡ್ಡ ಅಗೆದ ಮೇಲೂ ನಿಲ್ಲದ ಹೂವಿನ ಚಿತ್ರ

ಹಳೆಯ ಜಪಾನಿನ ಮರದಚ್ಚಿನ ಚಿತ್ರಗಳನ್ನು ನೋಡಿದರೆ ಅಲ್ಲಿನ ಜನ ವರ್ಷವಿಡೀ ಪಿಕ್ನಿಕ್ ಮಾಡುತ್ತಿದ್ದರೇನೋ ಅನಿಸುತ್ತದೆ. ವಸಂತದಲ್ಲಿ ಚೆರ್ರಿ ಹೂ, ಬೇಸಿಗೆಯಲ್ಲಿ ದೋಣಿ ಮತ್ತು ಬಾಣಬಿರುಸು, ಚಳಿಗಾಲದಲ್ಲಿ ಹಿಮ. ಇದೆಲ್ಲ ನಿಜವಾದ ಖುಷಿಯೋ, ವ್ಯಾಪಾರವೋ, ಸರ್ಕಾರದ ಕಟ್ಟುಪಾಡಿನ ಫಲವೋ? ಸ್ವಲ್ಪ ಸ್ವಲ್ಪ ಮೂರೂ ಹೌದು.

18ನೇ ಶತಮಾನದ ಮೊದಲರ್ಧದಲ್ಲಿ ಶೋಗನ್, ಅಂದರೆ ಸೇನಾ ಆಡಳಿತಗಾರ, ಯೋಶಿಮುನೆ ಎದೊ ನಗರದ ಹೊರಗೆ, ಅಸುಕಾಯಾಮಾ ಗುಡ್ಡದ ಮೇಲೆ, ಚೆರ್ರಿ ಗಿಡ ನೆಡಿಸಿ ಜನಸಾಮಾನ್ಯರಿಗೆ ಬಿಟ್ಟುಕೊಟ್ಟ. ಎದೊ ಅಂದರೆ ಇಂದಿನ ಟೋಕಿಯೊ. ಹೀಗೆ ಹೂ ನೋಡುವ ಜಾಗ ಕೂಡ ಆಡಳಿತವೇ ಕೊಟ್ಟದ್ದು. 1765ರಲ್ಲಿ ಚಿತ್ರಕಾರ ಸುಜುಕಿ ಹರುನೊಬು ಕಾಲಕ್ಕೆ ಬಹುಬಣ್ಣದ ಅಚ್ಚು ಬಂತು. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ, ಅದೂ ಚೆರ್ರಿ ಮರದ್ದೇ. 1780ರ ದಶಕದಲ್ಲಿ ಟೋರಿ ಕಿಯೊನಾಗಾ ಹಾಳೆಗಳನ್ನು ಪಕ್ಕಪಕ್ಕ ಜೋಡಿಸಿ, ವಿಹಾರಕ್ಕೆ ಹೊರಟ ಹೆಂಗಸರ ಗುಂಪುಗಳನ್ನು ಚಿತ್ರಿಸಿದ. 1790ರಿಂದ ಚಿತ್ರ ಮಾರಲು ಪರಿಶೀಲನೆಯ ಮುದ್ರೆ ಬೇಕಾಯಿತು. 1842ರಲ್ಲಿ ನಟರ, ವೇಶ್ಯೆಯರ ಚಿತ್ರಗಳಿಗೂ ನಿಷೇಧ ಬಿತ್ತು. ಹೂವಿನ ಗುಡ್ಡದ ಚಿತ್ರಗಳಿಗೆ ಮಾತ್ರ ಯಾರೂ ಅಡ್ಡಿ ಮಾಡಲಿಲ್ಲ. ಪ್ರಕಾಶಕರಿಗೆ ಅಷ್ಟು ಸಾಕಾಗಿತ್ತು ಅಲ್ವಾ?

ಗೋಟೆನ್‌ಯಾಮಾ ಗುಡ್ಡದ ಕತೆ ಸ್ವಲ್ಪ ಬೇರೆ. ಎದೊದ ದಕ್ಷಿಣಕ್ಕೆ, ಶಿನಾಗಾವಾದಲ್ಲಿ, ಕೊಲ್ಲಿಯ ಮೇಲಿದ್ದ ಈ ಗುಡ್ಡ ಹೂ ನೋಡುವವರಿಗೆ ಅಚ್ಚುಮೆಚ್ಚು. ಚಾಪೆ ಹಾಸಿ ಕೂತರೆ ಎದುರಿಗೇ ಕಡಲು. ಮರದಚ್ಚಿನ ಕಲಾವಿದ ಹಿರೊಶಿಗೆ ಇದನ್ನು ಮತ್ತೆ ಮತ್ತೆ ಚಿತ್ರಿಸಿದ್ದಾನೆ. 1853ರಲ್ಲಿ ಅಮೆರಿಕದ ಯುದ್ಧಹಡಗುಗಳು ಬಂದವು. ಕೊಲ್ಲಿಯಲ್ಲಿ ಫಿರಂಗಿ ಕೋಟೆ ಕಟ್ಟಲು ಮಣ್ಣು ಬೇಕಾಯಿತು, ಗುಡ್ಡವನ್ನು ಅಗೆಯಲಾಯಿತು. ಆಮೇಲೂ, 1856ರಲ್ಲಿ, ತನ್ನ 'ಎದೊದ ನೂರು ಪ್ರಸಿದ್ಧ ನೋಟಗಳು' ಸರಣಿಗಾಗಿ ಹಿರೊಶಿಗೆ ಅದನ್ನೇ ಬಿಡಿಸಿದ. ಚಿತ್ರದಲ್ಲಿ ಕಡಿದು ಬೋಳಾದ ದಿಬ್ಬ, ಅದರ ಅಂಚಿನಲ್ಲಿ ಉಳಿದ ಚೆರ್ರಿ ಮರಗಳು, ಪುಟ್ಟ ಪುಟ್ಟ ಜನ. ದೂರುವ ದನಿ ಎಲ್ಲೂ ಇಲ್ಲ, ಗಾಯವನ್ನು ಮುಚ್ಚಿಡುವ ಪ್ರಯತ್ನವೂ ಇಲ್ಲ. ಈ ಸರಣಿಯಲ್ಲಿ ಇಷ್ಟು ಪ್ರಾಮಾಣಿಕವಾದ ಚಿತ್ರ ಬೇರೊಂದಿಲ್ಲ ಅನ್ನುವುದು ನನ್ನ ಅನಿಸಿಕೆ.

1872ರಲ್ಲಿ ರೈಲು ಬಂದಾಗ ಹಳಿ ಹಾಕಲು ಗುಡ್ಡವನ್ನು ಮತ್ತೆ ಕಡಿದರು. 1873ರಲ್ಲಿ ಸೌರ ಪಂಚಾಂಗ ಬಂದು ಹಬ್ಬಗಳ ತಿಂಗಳುಗಳೇ ಕದಲಿದವು. ಫೋಟೊಗ್ರಫಿ ಬಂದಮೇಲೆ ಅಚ್ಚಿನ ಅಂಗಡಿಗಳೂ ಸೊರಗಿದವು.

ಈಗ ಯಾವ ಚಿತ್ರ ಯಾವ ಕಾಲದ್ದೆಂದು ತಿಳಿಯಲು ಒಂದು ಸುಲಭದ ದಾರಿ ಇದೆ. 1850ರ ದಶಕದ ಹಾಳೆಗಳ ಮೇಲೆ ವರ್ಷ, ತಿಂಗಳು ಹೇಳುವ ಸಣ್ಣ ಮುದ್ರೆ ಇರುತ್ತದೆ. ಚಿತ್ರಗಳ ಮೇಲೆ ಕಣ್ಣಿಡಲು ಒತ್ತಿದ್ದ ಮುದ್ರೆ ಅದು. ಗೋಟೆನ್‌ಯಾಮಾದ ಆ ಬೋಳು ದಿಬ್ಬ 1856ರದ್ದೆಂದು ಗೊತ್ತಾಗುವುದೂ ಅದರಿಂದಲೇ.